ಬಲಿಪೀಠದ ಹೂವಿಗೆ ನೀರೆರೆಯುವವರು

(ದೇವಾಲಯದ ಶತಮಾನೋತ್ಸವದ ಸಿದ್ಧತೆಯ ಅಂಗವಾಗಿ, ಬಲಿಪೀಠ ಅಲಂಕಾರ ಸೇವೆಯ ಸೋದರಿಯರಿಗೂ ಯುವಜನರಿಗೂ ವಿಚಾರಣಾ ಗುರುಗಳು ನೀಡಿದ ಉಪನ್ಯಾಸದ ಪಠ್ಯ)



ಹೂವಿನ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಅಲಂಕಾರ ಸೇವೆಯ ಸೋದರಿಯರು ಕೇಳಿಕೊಂಡಾಗ ನಮಗೆ ಕೊಂಚ ಸಂಕೋಚವೇ ಆಯಿತು. ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರವನ್ನು ಕಲಿಸಿದರು, ದೈವಶಾಸ್ತ್ರವನ್ನು ಕಲಿಸಿದರು, ಪೂಜಾವಿಧಿಯ ಪ್ರತಿಯೊಂದು ಚಲನೆಯನ್ನೂ ಕಲಿಸಿದರು. ಆದರೆ ಹೂದಾನಿಗೆ ನೀರು ತುಂಬುವುದನ್ನು ಯಾರೂ ಕಲಿಸಲಿಲ್ಲ. ಆ ವಿದ್ಯೆಯನ್ನು ನಾವು ಕಲಿತದ್ದು ಶನಿವಾರದ ಸಂಜೆಗಳಲ್ಲಿ, ದೇವಾಲಯದ ಹಿಂಬಾಗಿಲಲ್ಲಿ, ನಿಮ್ಮಂತಹ ತಾಯಂದಿರಿಂದ. ಅದಕ್ಕಿಂತಲೂ ಹೆಚ್ಚಾಗಿ ನಮ್ಮ ತಪ್ಪುಗಳಿಂದ. ಆದುದರಿಂದ ಇದನ್ನು ಪಂಡಿತನ ಉಪನ್ಯಾಸವೆಂದು ಭಾವಿಸದೆ, ಅನೇಕ ಸಲ ಎಡವಿದವರ ಅನುಭವವೆಂದು ಸ್ವೀಕರಿಸಬೇಕಾಗಿ ವಿನಂತಿ.

ಪಾಲನಾ ಸಮಿತಿಯ ಮುಂದೆ ಈಗ ಒಂದು ಪ್ರಶ್ನೆಯಿದೆ. ಉತ್ಸವದ ಅಲಂಕಾರವನ್ನು ನಗರದ ಗುತ್ತಿಗೆದಾರರೊಬ್ಬರಿಗೆ ಒಪ್ಪಿಸಿಬಿಡೋಣವೆಂದು ಕೆಲವರ ಅಭಿಪ್ರಾಯ. ಬಾಡದಂತಹ ಕೃತಕ ಹೂಗಳನ್ನು ಒಮ್ಮೆ ಕೊಂಡರೆ ಉತ್ಸವಕ್ಕೂ ಆಯಿತು, ಮುಂದಿನ ವರ್ಷಗಳಿಗೂ ಆಯಿತು ಎಂಬುದು ಮತ್ತೆ ಕೆಲವರ ಸಲಹೆ. ಎರಡೂ ಸದುದ್ದೇಶದಿಂದಲೇ ಬಂದ ಸಲಹೆಗಳು. ಆದರೆ ಈ ಎರಡರಲ್ಲಿ ಎರಡನೆಯದನ್ನು ನಾವು ಒಮ್ಮೆ ಮಾಡಿ ನೋಡಿದ್ದೇವೆ. ಅದರ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ.

ಸುಮಾರು 30 ವರ್ಷಗಳ ಹಿಂದೆ ನಾವು ಹಳ್ಳಿಯ ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುಗಳಾಗಿದ್ದೆವು. ಅಲ್ಲಿ ಒಬ್ಬ ವೃದ್ಧ ವಿಧವೆಯಿದ್ದರು. ಪ್ರತಿ ಶನಿವಾರ ಸಂಜೆ ತಮ್ಮ ಹಿತ್ತಿಲಿನ ಸೇವಂತಿಗೆಯನ್ನು ಹಾಲಿನ ಪುಡಿಯ ಹಳೆಯ ಡಬ್ಬಿಯೊಂದರಲ್ಲಿಟ್ಟುಕೊಂಡು ಬರುತ್ತಿದ್ದರು. ಡಬ್ಬಿಗೆ ತುಕ್ಕು ಹಿಡಿದಿತ್ತು. ಹೂವಿನ ಎಸಳುಗಳು ನೆಲಕ್ಕೆ ಉದುರುತ್ತಿದ್ದವು. ಅಚ್ಚುಕಟ್ಟಿನ ವಿಷಯದಲ್ಲಿ ಹೊಸ ಗುರುವಿಗಿರುವ ಉತ್ಸಾಹ ನಮಗೂ ಇತ್ತು. ನಗರಕ್ಕೆ ಹೋದಾಗ ಪ್ಲಾಸ್ಟಿಕ್ ಗುಲಾಬಿಗಳ ಎರಡು ದೊಡ್ಡ ಗೊಂಚಲುಗಳನ್ನು ತಂದು ಬಲಿಪೀಠದ ಇಕ್ಕೆಲಗಳಲ್ಲಿ ಇರಿಸಿದೆವು. ಆ ಶನಿವಾರ ಅಜ್ಜಿ ಬಂದವರು ಅವುಗಳನ್ನು ಬಹಳ ಹೊತ್ತು ನೋಡಿ, “ಚೆಂದಾಗವೆ ಸ್ವಾಮಿ. ಇವುಕ್ಕೆ ನೀರು ಯಾರು ಹುಯ್ಬೇಕು?” ಎಂದು ಕೇಳಿದರು. ನಾವು ನಕ್ಕು, “ಯಾರೂ ಹುಯ್ಯಬೇಕಾಗಿಲ್ಲ ಅಜ್ಜಿ, ಇನ್ನು ನಿಮಗೆ ಆ ತೊಂದರೆಯಿಲ್ಲ” ಎಂದೆವು.

ಭಾನುವಾರದ ಬಲಿಪೂಜೆಗೆ ಅವರು ತಪ್ಪದೆ ಬರುತ್ತಿದ್ದರು. ಶನಿವಾರ ಸಂಜೆ ಮಾತ್ರ ಮತ್ತೆ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಶವಪೆಟ್ಟಿಗೆಯನ್ನು ದೇವಾಲಯದೊಳಕ್ಕೆ ತಂದಾಗ ನಾವು ಬಲಿಪೀಠದ ಕಡೆಗೆ ಕಣ್ಣೆತ್ತಿ ನೋಡಿದೆವು. ನಮ್ಮ ಗುಲಾಬಿಗಳು ಬಾಡಿರಲಿಲ್ಲ ನಿಜ. ಅವುಗಳ ಮೇಲೆ ಒಂದು ವರ್ಷದ ಧೂಳು ಕುಳಿತಿತ್ತು. ಅಜ್ಜಿಯ ಸೊಸೆ ಅದೇ ಡಬ್ಬಿಯಲ್ಲಿ ಅದೇ ಹಿತ್ತಿಲಿನ ನಾಲ್ಕು ಹೂಗಳನ್ನು ತಂದಿದ್ದರು. ಅದನ್ನು ನಾವೇ ಕೈಯಾರೆ ಶವಪೆಟ್ಟಿಗೆಯ ಬಳಿ ಇರಿಸಿದೆವು. ಅಂದು ಸಂಜೆ ಪ್ಲಾಸ್ಟಿಕ್ ಹೂಗಳನ್ನು ತೆಗೆಸಿದೆವು. ಆದರೆ ಅಜ್ಜಿಯ ಪ್ರಶ್ನೆ ಇಂದಿಗೂ ನಮ್ಮೊಡನೆ ಉಳಿದಿದೆ. ಯಾರೂ ನೀರು ಹುಯ್ಯಬೇಕಾಗಿಲ್ಲದ ಹೂವನ್ನು ತಂದು ನಾವು ಒಬ್ಬ ಭಕ್ತೆಯ ಕೈಯಿಂದ ಆಕೆಯ ಕಾಣಿಕೆಯನ್ನು ಕಿತ್ತುಕೊಂಡಿದ್ದೆವು.

ದೇವಾಲಯವನ್ನು ಹೂವಿನಿಂದ ಸಿಂಗರಿಸುವ ಪದ್ಧತಿ ಧರ್ಮಸಭೆಯಲ್ಲಿ ಇಂದು ನಿನ್ನೆಯದಲ್ಲ. 396ರಲ್ಲಿ ಸಂತ ಜೆರೋಮರು, ತೀರಿಕೊಂಡ ನೆಪೋಷಿಯನ್ ಎಂಬ ಯುವ ಗುರುವನ್ನು ಕುರಿತು ಬರೆದ ಪತ್ರದಲ್ಲಿ, ಆತನು ದೇವಾಲಯಗಳನ್ನೂ ರಕ್ತಸಾಕ್ಷಿಗಳ ಸ್ಮಾರಕಗಳನ್ನೂ ಹೂಗಳಿಂದ, ಮರದ ಎಲೆಗಳಿಂದ, ದ್ರಾಕ್ಷಿಯ ಕುಡಿಗಳಿಂದ ಅಲಂಕರಿಸುತ್ತಿದ್ದುದನ್ನು ಮೆಚ್ಚಿ ನೆನೆದಿದ್ದಾರೆ. ಅಷ್ಟು ದೊಡ್ಡ ಪಂಡಿತರು ಅಷ್ಟು ಚಿಕ್ಕ ಸೇವೆಯನ್ನು ಮರೆಯಲಿಲ್ಲವೆಂಬುದನ್ನು ಗಮನಿಸಬೇಕು. ಪ್ರಭು ಯೇಸುವೂ ಹೊಲದ ಹೂಗಳನ್ನು ತೋರಿಸಿ ಬೋಧಿಸಿದಾಗ, ಅವು ಬಾಡುವುದಿಲ್ಲವೆಂದು ಹೊಗಳಲಿಲ್ಲ. ಇಂದಿದ್ದು ನಾಳೆ ಇಲ್ಲವಾಗುವ ಹುಲ್ಲಿಗೂ ತಂದೆಯು ಇಂತಹ ಉಡುಪನ್ನು ತೊಡಿಸುತ್ತಾರೆಂದು ಹೇಳಿದರು.

ಇನ್ನು ಪೂಜಾವಿಧಿಯ ನಿಯಮಗಳು. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 305ನೆಯ ಪರಿಚ್ಛೇದವು ನಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ಹೂವಿನ ಅಲಂಕಾರವು ಯಾವಾಗಲೂ ಮಿತವಾಗಿರಬೇಕು. ಬಲಿಪೀಠದ ಮೇಲೆ ಇಡುವುದಕ್ಕಿಂತ ಅದರ ಸುತ್ತಮುತ್ತ ಇಡಬೇಕು. ಆಗಮನ ಕಾಲದಲ್ಲಿ ಹೂವಿರಬಹುದು. ಆದರೆ ಕ್ರಿಸ್ತಜಯಂತಿಯ ಪೂರ್ಣಾನಂದವನ್ನು ಮುಂಚಿತವಾಗಿಯೇ ಖರ್ಚುಮಾಡಿಬಿಡದಂತೆ ಹಿತಮಿತವಾಗಿರಬೇಕು. ತಪಸ್ಸುಕಾಲದಲ್ಲಿ ಹೂವಿಲ್ಲ, ನಾಲ್ಕನೆಯ ಭಾನುವಾರ, ಮಹೋತ್ಸವಗಳು ಮತ್ತು ಹಬ್ಬಗಳು ಮಾತ್ರ ಇದಕ್ಕೆ ಹೊರತು. ಹೀಗಾಗಿ ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವದಂದು ನಾವು ಹೂವಿಡಬಹುದು. ತಪಸ್ಸುಕಾಲದಲ್ಲಿ ಬರಿದಾದ ಆ ಜಾಗವೇ ಪಾಸ್ಖ ಜಾಗರಣೆಯ ರಾತ್ರಿ ಹೂವಿನಿಂದ ತುಂಬಿದಾಗ ಮಕ್ಕಳಿಗೂ ಪುನರುತ್ಥಾನದ ಅರ್ಥವಾಗುತ್ತದೆ. ವರ್ಷವಿಡೀ ನಿಂತೇ ಇರುವ ಕೃತಕ ಹೂವಿನಿಂದ ಈ ಪಾಠ ಆಗುವುದಿಲ್ಲ.

ಈಗ ಹೂವಿನ ಆರೈಕೆಗೆ ಬರೋಣ. ಗಿಡದಲ್ಲಿರುವಾಗ ಹೂವಿಗೆ ಬೇರು ನೀರನ್ನೂ ಎಲೆ ಆಹಾರವನ್ನೂ ಒದಗಿಸುತ್ತವೆ. ಕತ್ತರಿಸಿದ ಗಳಿಗೆಯಿಂದ ಬೇರಿನ ಆಸರೆ ತಪ್ಪುತ್ತದೆ. ದಂಟಿನೊಳಗಿನ ಕೂದಲಿಗಿಂತ ಸಣ್ಣ ನಾಳಗಳ ಮೂಲಕ ಏರಿಬರುವ ನೀರೇ ಅದರ ಜೀವ. ಆ ನಾಳಗಳನ್ನು ತೆರೆದಿಡುವುದೇ ಹೂವಿನ ಆರೈಕೆಯ ಮುಖ್ಯ ಕೆಲಸ. ಅವುಗಳನ್ನು ಮುಚ್ಚುವಂತಹವು ಎರಡು: ಕತ್ತರಿಸಿದ ತುದಿಯಿಂದ ಒಳಹೊಕ್ಕ ಗಾಳಿ, ಮತ್ತು ಕೊಳೆತ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಜೀವಿಗಳು.

ಆದುದರಿಂದ ಹಿತ್ತಿಲಿನ ಹೂವನ್ನು ಬೆಳಗಿನ ಜಾವದಲ್ಲಿ, ಇಲ್ಲವೆ ಬಿಸಿಲಿಳಿದ ಮೇಲೆ ಕೊಯ್ಯಬೇಕು. ನಡುಹಗಲಿನ ಹೂವು ಅರ್ಧ ಒಣಗಿಯೇ ಬರುತ್ತದೆ. ಕೊಯ್ಯುವಾಗಲೇ ಪಕ್ಕದಲ್ಲಿ ನೀರಿನ ಬಕೆಟ್ ಇರಲಿ. ಮಾರುಕಟ್ಟೆಯಿಂದ ತಂದದ್ದಾದರೆ ದಂಟಿನ ತುದಿಯನ್ನು ಹರಿತವಾದ ಚಾಕುವಿನಿಂದ ಎರಡು ಮೂರು ಸೆಂಟಿಮೀಟರಿನಷ್ಟು ಓರೆಯಾಗಿ ಮತ್ತೆ ಕತ್ತರಿಸಬೇಕು. ಮೊಂಡು ಕತ್ತರಿಯು ನಾಳಗಳನ್ನು ಜಜ್ಜಿಬಿಡುತ್ತದೆ. ಓರೆಯಾಗಿ ಕತ್ತರಿಸಿದ ತುದಿಯು ಹೂದಾನಿಯ ತಳಕ್ಕೆ ಮುಚ್ಚಳದಂತೆ ಅಂಟಿಕೊಳ್ಳುವುದಿಲ್ಲ. ಗುಲಾಬಿಯನ್ನು ನೀರಿನೊಳಗೆ ಹಿಡಿದುಕೊಂಡೇ ಕತ್ತರಿಸುವುದು ಇನ್ನೂ ಒಳ್ಳೆಯದು. ಆಗ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದುಹಾಕಬೇಕು, ಏಕೆಂದರೆ ಕೊಳೆಯುವುದು ಮೊದಲು ಅವೇ.

ಅನಂತರ ಹೂಗಳನ್ನು ಒಡನೆಯೇ ಜೋಡಿಸಲು ಹೋಗಬಾರದು. ತುಂಬು ನೀರಿನ ಬಕೆಟ್ಟಿನಲ್ಲಿ, ತಂಪಾದ ಕತ್ತಲೆಯ ಕೋಣೆಯಲ್ಲಿ, ನಾಲ್ಕಾರು ಗಂಟೆಗಳ ಕಾಲ ಅವು ನೀರು ಕುಡಿಯಲಿ. ಬಸ್ಸಿನಲ್ಲಿ ದೂರದಿಂದ ಬಂದ ಅತಿಥಿಗೆ ನಾವು ಮೊದಲು ನೀರು ಕೊಡುತ್ತೇವೆಯೇ ಹೊರತು ಕೆಲಸ ಹೇಳುವುದಿಲ್ಲವಷ್ಟೆ.

ಹೂದಾನಿಯನ್ನು ಊಟದ ತಟ್ಟೆಯಷ್ಟೇ ಶುಚಿಯಾಗಿ ತೊಳೆಯಬೇಕು. ನೀರನ್ನು ದಿನಂಪ್ರತಿ ಬದಲಾಯಿಸುವುದಕ್ಕಿಂತ ದೊಡ್ಡ ಔಷಧವಿಲ್ಲ. ಅದು ಸಾಧ್ಯವಾಗದಾಗ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಬಟ್ಟೆ ಬಿಳುಪು ಮಾಡುವ ದ್ರಾವಣದ ಕಾಲು ಚಮಚ ಸೇರಿಸಬಹುದು. ಸಕ್ಕರೆ ಹೂವಿಗೆ ಆಹಾರ. ಹುಳಿಯು ನೀರು ಏರಲು ಸಹಾಯಕ. ಬಿಳುಪು ದ್ರಾವಣವು ಸೂಕ್ಷ್ಮ ಜೀವಿಗಳನ್ನು ತಡೆಯುತ್ತದೆ. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಆ ಜೀವಿಗಳೇ ಉಂಡು ಕೊಬ್ಬುತ್ತವೆ. ನಿಂಬೆರಸವನ್ನೂ ಬಿಳುಪು ದ್ರಾವಣವನ್ನೂ ನೀರಿಲ್ಲದೆ ನೇರವಾಗಿ ಬೆರೆಸಕೂಡದು. ಅದರಿಂದ ಏಳುವ ಅನಿಲ ಅಪಾಯಕಾರಿ. ಮಕ್ಕಳ ಕೈಗೆ ಈ ಕೆಲಸವನ್ನು ಕೊಡಬೇಡಿರಿ.

ಇನ್ನೊಂದು ಶತ್ರು ಕಣ್ಣಿಗೆ ಕಾಣಿಸದು. ಹಿಂದೊಮ್ಮೆ ಸುಗ್ಗಿಯ ಹಬ್ಬಕ್ಕೆ ನಾವು ಕಾರ್ನೇಶನ್ ಹೂಗಳನ್ನು ತರಿಸಿ, ಭಕ್ತಾದಿಗಳು ಅರ್ಪಿಸಿದ್ದ ಬಾಳೆಯ ಗೊನೆಗಳ ನಡುವೆ ಬಲು ಸೊಗಸಾಗಿ ಜೋಡಿಸಿದೆವು. ಬೆಳಗಾಗುವಷ್ಟರಲ್ಲಿ ಹೂಗಳೆಲ್ಲ ನಿದ್ದೆ ಹೋದವರ ಕಣ್ಣಿನಂತೆ ಒಳಕ್ಕೆ ಮುದುಡಿಕೊಂಡಿದ್ದವು. ಹೂ ಮಾರಿದವನು ಮೋಸಮಾಡಿದನೆಂದು ನಾವು ಸಿಟ್ಟಾದೆವು. ಆತನ ತಪ್ಪೇನೂ ಇರಲಿಲ್ಲ. ಮಾಗುವ ಹಣ್ಣುಗಳಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲವು ಹೂವನ್ನು ಬೇಗನೆ ಮುಪ್ಪಾಗಿಸುತ್ತದೆ. ಕಾರ್ನೇಶನ್ನಿಗೆ ಅದು ವಿಶೇಷವಾಗಿ ಸಲ್ಲದು. ಕಾಣಿಕೆಯ ಹಣ್ಣಿನ ಬುಟ್ಟಿ ಒಂದು ಕಡೆ, ಹೂವು ಇನ್ನೊಂದು ಕಡೆ ಇರಲಿ. ಉರಿಯುವ ಮೇಣದಬತ್ತಿಯ ಬಿಸಿ, ಫ್ಯಾನಿನ ಗಾಳಿ, ಕಿಟಕಿಯ ಬಿಸಿಲು ಇವುಗಳಿಂದಲೂ ಹೂವನ್ನು ದೂರವಿಡಬೇಕು.

ಒಂದೊಂದು ಹೂವಿಗೂ ಒಂದೊಂದು ಸ್ವಭಾವವಿದೆ. ಗ್ಲಾಡಿಯೋಲಸ್ ದಂಡವನ್ನು ಕೆಳಗಿನ ಒಂದೆರಡು ಮೊಗ್ಗುಗಳು ಬಣ್ಣ ತೋರಿದಾಗಲೇ ತರಬೇಕು, ಉಳಿದವು ನೀರಿನಲ್ಲಿ ಅರಳುತ್ತವೆ. ಅದನ್ನು ಮಲಗಿಸಿಟ್ಟರೆ ತುದಿ ಮೇಲಕ್ಕೆ ಬಾಗಿ ಡೊಂಕಾಗುತ್ತದೆ. ನೆಟ್ಟಗೆ ನಿಲ್ಲಿಸಿಯೇ ಇಡಬೇಕು. ಸುಗಂಧರಾಜದಲ್ಲಿ ಬಾಡಿದ ಕೆಳಗಿನ ಹೂಗಳನ್ನು ದಿನವೂ ಬಿಡಿಸಿದರೆ ಮೇಲಿನ ಮೊಗ್ಗುಗಳು ಅರಳುತ್ತವೆ. ಜರ್ಬೆರಾದ ದಂಟು ಮೆದು, ಬೇಗ ಕೊಳೆಯುವಂತಹುದು. ಅದಕ್ಕೆ ಕಡಿಮೆ ನೀರು ಸಾಕು. ಸೇವಂತಿಗೆಯಲ್ಲಿ ಹೂವಿಗಿಂತ ಮೊದಲು ಎಲೆ ಹಳದಿಯಾಗುತ್ತದೆ. ಎಲೆ ತೆಗೆದರೆ ಹೂವು ಇನ್ನೂ ಹಲವು ದಿನ ಚೆನ್ನಾಗಿರುತ್ತದೆ. ಕತ್ತು ಬಾಗಿಸಿದ ಗುಲಾಬಿಯನ್ನು ಎಸೆಯಬೇಡಿರಿ. ತುದಿಯನ್ನು ನೀರಿನೊಳಗೆ ಕತ್ತರಿಸಿ, ಇಡೀ ಹೂವನ್ನು ಅಗಲವಾದ ಪಾತ್ರೆಯ ನೀರಿನಲ್ಲಿ ಒಂದು ಗಂಟೆ ಮಲಗಿಸಿದರೆ ಎಷ್ಟೋ ಸಲ ತಲೆಯೆತ್ತುತ್ತದೆ. ಲಿಲ್ಲಿ ಅರಳಿದೊಡನೆ ಅದರ ಪರಾಗದ ಚೀಲಗಳನ್ನು ಚಿವುಟಿ ತೆಗೆಯಬೇಕು. ಅದರ ಕಂದು ಪುಡಿ ಬಲಿಪೀಠದ ಬಿಳಿಯ ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ. ಮಲೆನಾಡು, ಕೊಡಗುಗಳ ಆಂಥೂರಿಯಂ ಎರಡು ವಾರಕ್ಕೂ ಹೆಚ್ಚು ಬಾಳುವಂತಹುದು. ಆದರೆ ಅದಕ್ಕೆ ಫ್ರಿಜ್ಜಿನ ಚಳಿ ಆಗದು. ಮಲ್ಲಿಗೆಯನ್ನು ಹೂದಾನಿಯಲ್ಲಿಡಲಾಗದು, ಮೊಗ್ಗಾಗಿರುವಾಗಲೇ ಮಾಲೆ ಕಟ್ಟಿ, ಒದ್ದೆ ಬಾಳೆಲೆಯಲ್ಲಿ ಸುತ್ತಿಟ್ಟು, ಸಂಜೆಯ ಪೂಜೆಯ ವೇಳೆಗೆ ಬಿಚ್ಚಬೇಕು.

ಇನ್ನು ಜೋಡಣೆಯ ಕಲೆ. ಜಪಾನ್ ದೇಶದಲ್ಲಿ ಇಕೆಬಾನ ಎಂದು ಹೆಸರಾದ ಪುಷ್ಪಕಲೆಯು ಬೌದ್ಧ ಗುಡಿಗಳಲ್ಲಿ ಅರ್ಪಿಸುತ್ತಿದ್ದ ಹೂವಿನಿಂದಲೇ ಬೆಳೆದು ಬಂದದ್ದು. ಅದರ ಪ್ರಾಚೀನ ಪರಂಪರೆಯೊಂದು ಕ್ಯೋಟೋ ನಗರದ ಗುಡಿಯೊಂದರ ಅರ್ಚಕರದು. ಆ ಕಲೆಯಿಂದ ನಾವು ಕಲಿಯಬೇಕಾದ ಒಂದು ಪಾಠವಿದೆ. ಹೂಗಳ ನಡುವಣ ಖಾಲಿ ಜಾಗವೂ ಅಲಂಕಾರವೇ. ಹೂದಾನಿಯಲ್ಲಿ ಹಿಡಿಸುವಷ್ಟನ್ನೂ ತುರುಕುವುದು ನಮ್ಮಲ್ಲಿ ಸಾಮಾನ್ಯ ದೋಷ. ಹಾಗೆ ತುರುಕಿದಲ್ಲಿ ಕಣ್ಣಿಗೆ ರಾಶಿ ಕಾಣುತ್ತದೆಯೇ ಹೊರತು ಹೂವು ಕಾಣುವುದಿಲ್ಲ.

ಮೊದಲು ಎತ್ತರದ ರೇಖೆಯನ್ನು ನಿಲ್ಲಿಸಿರಿ. ಗ್ಲಾಡಿಯೋಲಸ್, ಸುಗಂಧರಾಜ, ಅಡಿಕೆಯ ಸಿಂಗಾರ ಅಥವಾ ತಾಳೆಯ ಗರಿ ಇದಕ್ಕೆ ತಕ್ಕವು. ಅದರ ಎತ್ತರ ಹೂದಾನಿಯ ಒಂದೂವರೆಯಿಂದ ಎರಡರಷ್ಟಿರಲಿ. ಅನಂತರ ದೊಡ್ಡ ಹೂಗಳನ್ನು ಕೆಳಗೆ, ಮಧ್ಯಕ್ಕೆ ಸಮೀಪವಾಗಿ ಇಡಿರಿ. ಭಾರವು ಮೇಲಿದ್ದರೆ ನೋಡುವವರಿಗೆ ಬೀಳುವುದೇನೋ ಎಂಬ ಆತಂಕವಾಗುತ್ತದೆ. ಎಲ್ಲ ದಂಟುಗಳೂ ಒಂದೇ ಬಿಂದುವಿನಿಂದ ಹೊಮ್ಮಿದಂತೆ ತೋರಬೇಕು. ಕೊನೆಯಲ್ಲಿ ಸೊಪ್ಪು, ಜರಿಗಿಡ, ಸಣ್ಣ ಹೂಗಳಿಂದ ಹೂದಾನಿಯ ಬಾಯಿಯನ್ನು ಮರೆಮಾಡಬಹುದು. ಮನೆಯ ಮೇಜಿನ ಹೂವನ್ನು ಹತ್ತಿರದಿಂದ ನೋಡುತ್ತೇವೆ; ದೇವಾಲಯದ ಹೂವನ್ನು ದೂರದಿಂದ. ಕಡುನೇರಳೆ, ಕಡುಗೆಂಪು ಬಣ್ಣಗಳು ಮಬ್ಬುಬೆಳಕಿನಲ್ಲಿ ಕರಗಿಹೋಗುತ್ತವೆ. ಬಿಳಿ ಮತ್ತು ಹಳದಿ ಕೊನೆಯ ಬೆಂಚಿನವರೆಗೂ ತಲಪುತ್ತವೆ. ಜೋಡಿಸಿದ ಮೇಲೆ ಆ ಕೊನೆಯ ಬೆಂಚಿನಲ್ಲಿ ಕುಳಿತು ನೋಡಿರಿ. ಅಲ್ಲಿಂದ ನೋಡಿದವರ ಕಣ್ಣು ಹೂವಿನಿಂದ ಬಲಿಪೀಠಕ್ಕೆ ಹೋಗಬೇಕು; ಬಲಿಪೀಠದಿಂದ ಹೂವಿಗಲ್ಲ. ಗುರುಗಳ ಮುಖವನ್ನೂ ವಾಚನಪೀಠವನ್ನೂ ಪ್ರಸಾದ ಸಂಪುಟವನ್ನೂ ಮರೆಮಾಡುವ ಹೂವು ಎಷ್ಟೇ ಸುಂದರವಾಗಿದ್ದರೂ ತಪ್ಪು ಜಾಗದಲ್ಲಿದೆ.

ದಂಟುಗಳನ್ನು ನಿಲ್ಲಿಸಲು ಗುತ್ತಿಗೆದಾರರು ಬಳಸುವ ಹಸಿರು ಇಟ್ಟಿಗೆಯಂತಹ ನೊರೆಯನ್ನು ನೀವು ನೋಡಿರುತ್ತೀರಿ. 1954ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ವಸ್ತು ಕೆಲಸವನ್ನು ಸುಲಭ ಮಾಡಿತು ನಿಜ. ಆದರೆ ಅದು ಪ್ಲಾಸ್ಟಿಕ್ಕಿನ ಜಾತಿಯದು. ಪುಡಿಪುಡಿಯಾಗಿ ಮಣ್ಣಿಗೂ ನೀರಿಗೂ ಸೇರುತ್ತದೆಯೇ ಹೊರತು ಕೊಳೆತು ಮಣ್ಣಾಗುವುದಿಲ್ಲ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು 2021ರಿಂದ ತನ್ನ ಪುಷ್ಪ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಸೃಷ್ಟಿಯ ಸಂರಕ್ಷಣೆಯನ್ನು ಕುರಿತು ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ ವಿಶ್ವಪತ್ರವನ್ನು ಓದಿದ ನಾವು, ಸೃಷ್ಟಿಕರ್ತರ ಬಲಿಪೀಠದ ಬುಡದಲ್ಲೇ ಅದನ್ನು ಬಳಸುವುದು ಯುಕ್ತವಲ್ಲ. ನಮ್ಮ ಹಿರಿಯರ ಬಳಿ ಅದಕ್ಕಿಂತ ಒಳ್ಳೆಯ ಸಾಧನವಿತ್ತು. ಅದೇ ಬಾಳೆಯ ದಿಂಡು. ತುಂಡು ಮಾಡಿ ತಟ್ಟೆಯಲ್ಲಿಟ್ಟರೆ ದಂಟನ್ನು ಗಟ್ಟಿಯಾಗಿ ಹಿಡಿಯುತ್ತದೆ, ತನ್ನೊಳಗಿನ ನೀರಿನಿಂದ ಒಂದು ದಿನದ ಮಟ್ಟಿಗೆ ಹೂವನ್ನು ತಂಪಾಗಿಡುತ್ತದೆ, ಮರುದಿನ ಗೊಬ್ಬರದ ಗುಂಡಿಗೆ ಹೋಗುತ್ತದೆ. ದೊಡ್ಡ ಹೂದಾನಿಗಳಿಗೆ ಕೋಳಿಗೂಡಿನ ತಂತಿಬಲೆಯನ್ನು ಮಡಿಸಿ ಒಳಗಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಈಗ ನಮ್ಮ ಸಲಹೆ. ಉತ್ಸವದ ಅಲಂಕಾರವನ್ನು ನಾವೇ ಮಾಡೋಣ. ಭಾನುವಾರದ ಪೂಜೆಗೆ ಶುಕ್ರವಾರವೇ ಹೂದಾನಿಗಳನ್ನು ತೊಳೆದಿಡೋಣ. ಶನಿವಾರ ಬೆಳಗಿನ ಜಾವ ಮಾರುಕಟ್ಟೆಗೆ ಇಬ್ಬರು ಹೋಗಿ ಬರಲಿ. ಹಿತ್ತಿಲಿನಲ್ಲಿ ಹೂವಿರುವ ಮನೆಗಳವರು ಎಷ್ಟಿದ್ದರೆ ಅಷ್ಟನ್ನು ತರಲಿ, ಒಂದೇ ಹೂವಾದರೂ ಸರಿ, ಯಾವ ಡಬ್ಬಿಯಲ್ಲಾದರೂ ಸರಿ. ಮಧ್ಯಾಹ್ನದವರೆಗೆ ಹೂಗಳು ನೀರು ಕುಡಿಯಲಿ, ಸಂಜೆ ಜೋಡಿಸೋಣ. ಗುತ್ತಿಗೆದಾರರು ಮಾಡುವಷ್ಟು ಭರ್ಜರಿಯಾಗಿ ಬಾರದೆ ಇರಬಹುದು. ಆದರೆ ನೂರು ವರ್ಷಗಳ ಹಿಂದೆ ಈ ದೇವಾಲಯದ ಮೊದಲ ಬಲಿಪೂಜೆಗೆ ಹೂವು ತಂದವರೂ ಈ ಊರಿನವರೇ ಆಗಿದ್ದರು. ಅವರ ಹೆಸರು ನಮ್ಮ ದಾಖಲೆ ಪುಸ್ತಕಗಳಲ್ಲಿಲ್ಲ. ಗುರುಗಳ ಹೆಸರುಗಳಿವೆ, ದಾನಿಗಳ ಹೆಸರುಗಳಿವೆ. ಶನಿವಾರ ಸಂಜೆಯವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಉತ್ಸವ ಮುಗಿದ ಮೇಲೆ ಇನ್ನೂ ಚೆನ್ನಾಗಿರುವ ಹೂಗಳನ್ನು ಸೋಮವಾರ ನಮ್ಮ ಹಾಸಿಗೆ ಹಿಡಿದ ರೋಗಿಗಳ ಮನೆಗಳಿಗೆ ಒಯ್ಯೋಣ. ಪೂಜೆಗೆ ಬರಲಾರದವರ ಬಳಿಗೆ ಪೂಜೆಯ ಹೂವಾದರೂ ಹೋಗಲಿ. ಬಾಡಿದವನ್ನು ಕಸದ ಗಾಡಿಗೆ ಹಾಕದೆ, ಗುರುಮನೆಯ ಹಿಂದಿನ ಗುಂಡಿಯಲ್ಲಿ ಗೊಬ್ಬರ ಮಾಡೋಣ. ಹಿಂದೆ ಅಲ್ಲಿ ದೇವಾಲಯದ ಹೂದೋಟವಿತ್ತೆಂದು ಹಿರಿಯರು ಹೇಳುತ್ತಾರೆ. ಶತಮಾನೋತ್ಸವದ ನೆನಪಿಗೆ ಕಲ್ಲಿನ ಫಲಕದ ಜೊತೆಗೆ ಆ ತೋಟವನ್ನೂ ಮತ್ತೆ ಎಬ್ಬಿಸಿದರೆ ನಮಗೆ ಬಹಳ ಸಂತೋಷವಾಗುವುದು. ಮೊದಲು ಸೇವಂತಿಗೆಯನ್ನೇ ನೆಡೋಣ.

ತೀರ್ಮಾನ ಪಾಲನಾ ಸಮಿತಿಯದು. ನಾವು ಒತ್ತಾಯ ಮಾಡುವುದಿಲ್ಲ. ಆದರೆ ಪೂಜಾವಸ್ತ್ರಗಳ ಕೋಣೆಯ ಬಾಗಿಲಿಗೆ ಈ ದಿನ ಒಂದು ಹಾಳೆಯನ್ನು ಅಂಟಿಸಿದ್ದೇವೆ. ಅದರಲ್ಲಿ ಸೋಮವಾರದಿಂದ ಶನಿವಾರದವರೆಗೆ ಆರು ಸಾಲುಗಳಿವೆ. ಆಯಾ ದಿನ ಹೂದಾನಿಯ ನೀರು ಬದಲಾಯಿಸುವವರು ತಮ್ಮ ಹೆಸರನ್ನು ಅಲ್ಲಿ ಬರೆಯಬೇಕು. ಸೋಮವಾರದ ಸಾಲಿನಲ್ಲಿ ನಮ್ಮ ಹೆಸರನ್ನು ಬರೆದಿದ್ದೇವೆ. ಉಳಿದ ಐದು ಸಾಲುಗಳು ಖಾಲಿ ಇವೆ.

ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.